ಬೆಳವಣಿಗೆ ಹಾರ್ಮೋನ್ ಮತ್ತು ಪಿಟ್ಯುಟರಿ ಕಾಯಿಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳವಣಿಗೆ ಹಾರ್ಮೋನ್ ಮತ್ತು ಪಿಟ್ಯುಟರಿ ಗ್ರಂಥಿಯ ಬಗ್ಗೆ ರೋಗಿಗಳು, ತಂದೆತಾಯಂದಿರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಮೊದಲ ಭಾಗ ಎಲ್ಲರಿಗೂ ಬೇಕಾದದ್ದು. ಕೊನೆಯ ಭಾಗ ಸಂಶೋಧನೆಯ ಬಗ್ಗೆ ಕುತೂಹಲ ಇರುವವರಿಗೆ. ನಿಮ್ಮನ್ನು ಪರೀಕ್ಷಿಸುತ್ತಿರುವ ವೈದ್ಯರ ಸಲಹೆಗೆ ಈ ಉತ್ತರಗಳು ಬದಲಿಯಲ್ಲ, ಆದರೆ ಅವರ ಎದುರು ಕುಳಿತಾಗ ಏನನ್ನು ಕೇಳಬೇಕೆಂಬುದು ಇವುಗಳಿಂದ ಸ್ಪಷ್ಟವಾಗಬಹುದು.

## ಮೊದಲ ಪರಿಚಯ

ಪಿಟ್ಯುಟರಿ ಗ್ರಂಥಿ ಎಲ್ಲಿರುತ್ತದೆ? ಅಷ್ಟು ಚಿಕ್ಕ ಗ್ರಂಥಿ ಕೆಟ್ಟರೆ ಇಡೀ ದೇಹಕ್ಕೆ ಏಕೆ ತೊಂದರೆ?

ಮೂಗಿನ ಹಿಂದೆ, ತಲೆಬುರುಡೆಯ ತಳದ ಮೂಳೆಯಲ್ಲಿರುವ ಒಂದು ಕುಳಿಯಲ್ಲಿ ಈ ಗ್ರಂಥಿ ಇದೆ. ಗಾತ್ರ ಕಡಲೆಕಾಳಿನಷ್ಟು, ತೂಕ ಸುಮಾರು ಅರ್ಧ ಗ್ರಾಂ. ಅದರ ಮುಂಭಾಗದಿಂದ ಆರು ಮುಖ್ಯ ಹಾರ್ಮೋನ್‌ಗಳು ಹೊರಡುತ್ತವೆ: ಬೆಳವಣಿಗೆ ಹಾರ್ಮೋನ್, ಥೈರಾಯ್ಡ್ ಗ್ರಂಥಿಯನ್ನು ನಡೆಸುವ ಟಿಎಸ್‌ಎಚ್, ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಎಂಬ ಸ್ಟಿರಾಯ್ಡ್ ಹಾರ್ಮೋನ್ ಬರುವಂತೆ ಮಾಡುವ ಎಸಿಟಿಎಚ್, ಅಂಡಾಶಯ ಮತ್ತು ವೃಷಣಗಳ ಕೆಲಸ ನೋಡಿಕೊಳ್ಳುವ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್, ಎದೆಹಾಲು ತರಿಸುವ ಪ್ರೊಲ್ಯಾಕ್ಟಿನ್. ಹಿಂಭಾಗದಿಂದ ದೇಹದ ನೀರನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಮತ್ತು ಹೆರಿಗೆಯಲ್ಲಿ ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ ರಕ್ತ ಸೇರುತ್ತವೆ. ಬೇರೆ ಗ್ರಂಥಿಗಳಿಗೆ ಆಜ್ಞೆ ಹೋಗುವುದೇ ಇಲ್ಲಿಂದ ಆಗಿರುವುದರಿಂದ, ಇಲ್ಲಿನ ಒಂದು ಸಣ್ಣ ಗಡ್ಡೆ ಸುಸ್ತು, ಬಂಜೆತನ, ಸಕ್ಕರೆ ಕಾಯಿಲೆ, ಕುಂಠಿತ ಬೆಳವಣಿಗೆ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಣ್ಣಿನ ನರಗಳು ಪರಸ್ಪರ ಅಡ್ಡಹಾಯುವ ಜಾಗ ಗ್ರಂಥಿಯ ನೇರ ಮೇಲಿರುವ ಕಾರಣ, ಗಡ್ಡೆ ದೊಡ್ಡದಾದರೆ ಎರಡೂ ಕಣ್ಣುಗಳ ಹೊರಬದಿಯ ನೋಟ ಮೊದಲು ಮಸುಕಾಗುತ್ತದೆ.

ಬೆಳವಣಿಗೆ ಹಾರ್ಮೋನ್ ಎಂದರೆ ಎತ್ತರಕ್ಕೆ ಮಾತ್ರ ಅಲ್ಲವೇ? ದೊಡ್ಡವರಾದ ಮೇಲೆ ಅದರಿಂದ ಏನು ಕೆಲಸ?

ಎತ್ತರ ಅದರ ಕೆಲಸದ ಒಂದು ಪಾಲು ಮಾತ್ರ. 191 ಅಮೈನೋ ಆಮ್ಲಗಳಿಂದ ಆದ ಈ ಪ್ರೋಟೀನ್ ಕೊಬ್ಬನ್ನು ಕರಗಿಸುತ್ತದೆ, ಸ್ನಾಯುವಿಗೆ ಪ್ರೋಟೀನ್ ಸೇರಿಸುತ್ತದೆ, ಮೂಳೆಯ ಸಾಂದ್ರತೆಯನ್ನು ಕಾಪಾಡುತ್ತದೆ ಮತ್ತು ಉಪವಾಸದ ಹೊತ್ತಿನಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ನೋಡಿಕೊಳ್ಳುತ್ತದೆ. ಇದರಲ್ಲಿ ಕೆಲವನ್ನು ತಾನೇ ನೇರವಾಗಿ ಮಾಡುತ್ತದೆ. ಉಳಿದದ್ದನ್ನು ಯಕೃತ್ತಿನಲ್ಲಿ ಮತ್ತು ಆಯಾ ಅಂಗಾಂಶಗಳಲ್ಲಿ ತಯಾರಾಗುವ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನ್ ಮೂಲಕ ಮಾಡಿಸುತ್ತದೆ. 1957ರಲ್ಲಿ ಸಂಶೋಧಕರಾದ ಸಾಲ್ಮನ್ ಮತ್ತು ಡಾಹಡೇ ಈ ಮಧ್ಯವರ್ತಿಯ ಸುಳಿವು ಕಂಡರು: ಬೆಳವಣಿಗೆ ಹಾರ್ಮೋನನ್ನು ಇಲಿಯ ಮೃದ್ವಸ್ಥಿಗೆ ನೇರವಾಗಿ ಹಾಕಿದಾಗ ಪರಿಣಾಮ ಅತ್ಯಲ್ಪ, ಆದರೆ ಹಾರ್ಮೋನ್ ಪಡೆದ ಇಲಿಯ ರಕ್ತಸಾರವನ್ನು ಹಾಕಿದಾಗ ಮೃದ್ವಸ್ಥಿ ಚುರುಕಾಯಿತು. ಹಾಗಾದರೆ ರಕ್ತದಲ್ಲಿ ಬೇರೆ ಏನೋ ಹುಟ್ಟಿಕೊಂಡಿದೆ ಎಂದು ಅವರು ತರ್ಕಿಸಿದ್ದು ಸರಿಯಾಗಿತ್ತು.

ರಕ್ತ ಪರೀಕ್ಷೆಯಲ್ಲಿ ಬೆಳವಣಿಗೆ ಹಾರ್ಮೋನ್ ಹೆಚ್ಚುಕಡಿಮೆ ಸೊನ್ನೆ ಎಂದು ಬಂದಿದೆ. ಗಾಬರಿಯಾಗಬೇಕೇ?

ಬೇಡ. ಈ ಹಾರ್ಮೋನ್ ಸದಾ ಒಂದೇ ಮಟ್ಟದಲ್ಲಿ ಹರಿಯುವುದಿಲ್ಲ. ದಿನದಲ್ಲಿ ಹಲವು ಬಾರಿ ಚಿಮ್ಮಿ ಇಳಿಯುತ್ತದೆ, ಅತಿ ದೊಡ್ಡ ಏರಿಕೆ ಕಾಣುವುದು ಗಾಢ ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ. ಎರಡು ಏರಿಕೆಗಳ ನಡುವೆ ರಕ್ತ ತೆಗೆದರೆ ಪೂರ್ಣ ಆರೋಗ್ಯವಂತರಲ್ಲೂ ಅಂಕಿ ಸೊನ್ನೆಗೆ ಹತ್ತಿರ ಇರುತ್ತದೆ. ನವಜಾತ ಶಿಶುಗಳನ್ನು ಬಿಟ್ಟರೆ, ಯಾವುದೋ ಒಂದು ಹೊತ್ತಿನಲ್ಲಿ ತೆಗೆದ ಒಂದೇ ಮಾದರಿಯಿಂದ ಕೊರತೆಯನ್ನು ತೀರ್ಮಾನಿಸಲು ಬರುವುದಿಲ್ಲ. ಐಜಿಎಫ್-1 ದಿನವಿಡೀ ಹೆಚ್ಚುಕಡಿಮೆ ಸ್ಥಿರವಾಗಿರುವುದರಿಂದ ಅದು ಹೆಚ್ಚು ನಂಬಬಹುದಾದ ಅಳತೆ. ಆದರೆ ಅದನ್ನೂ ವಯಸ್ಸು ಮತ್ತು ಹರೆಯದ ಹಂತಕ್ಕೆ ಹೋಲಿಸಿಯೇ ಓದಬೇಕು. ಅಪೌಷ್ಟಿಕತೆ, ಯಕೃತ್ತಿನ ಕಾಯಿಲೆ ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯಲ್ಲಿ ಪಿಟ್ಯುಟರಿ ಸರಿಯಿದ್ದರೂ ಐಜಿಎಫ್-1 ತಗ್ಗಿರುತ್ತದೆ. ಈ ಕ್ಷೇತ್ರದಲ್ಲಿ ಬಿಡಿ ಅಂಕಿಗಿಂತ ಅದು ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಬಂದದ್ದು ಎಂಬುದೇ ಮುಖ್ಯ. ಮುಂದಿನ ಹಲವು ಉತ್ತರಗಳು ಈ ಮಾತಿನ ಮೇಲೆಯೇ ನಿಂತಿವೆ.

## ಮಕ್ಕಳ ಬೆಳವಣಿಗೆ

ಮಗನಿಗೆ ಒಂಬತ್ತು ವರ್ಷ. ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಗಿದ್ದಾನೆ. ತೋರಿಸಬೇಕೋ, ಕಾಯಬೇಕೋ?

ಅವನು ಇಂದು ಎಷ್ಟು ಎತ್ತರ ಇದ್ದಾನೆ ಎಂಬುದಕ್ಕಿಂತ ಕಳೆದ ಒಂದು ವರ್ಷದಲ್ಲಿ ಎಷ್ಟು ಬೆಳೆದಿದ್ದಾನೆ ಎಂಬುದು ಹೆಚ್ಚು ಹೇಳುತ್ತದೆ. ಮಗು ಹುಟ್ಟಿದ ಮೊದಲ ವರ್ಷ ಸುಮಾರು 25 ಸೆಂಟಿಮೀಟರ್, ಎರಡನೆಯ ವರ್ಷ ಸುಮಾರು 12 ಸೆಂಟಿಮೀಟರ್ ಬೆಳೆಯುತ್ತದೆ. ನಾಲ್ಕನೆಯ ವರ್ಷದ ನಂತರ ಹರೆಯ ಶುರುವಾಗುವವರೆಗೆ ವರ್ಷಕ್ಕೆ 5ರಿಂದ 7 ಸೆಂಟಿಮೀಟರ್ ಸಾಮಾನ್ಯ. ಈ ವಯಸ್ಸಿನಲ್ಲಿ ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕಡಿಮೆ ಬೆಳೆಯುತ್ತಿದ್ದರೆ, ಬೆಳವಣಿಗೆ ನಕ್ಷೆಯಲ್ಲಿ ತನ್ನ ಗೆರೆಯಿಂದ ಕೆಳಗಿನ ಗೆರೆಗೆ ಜಾರುತ್ತಿದ್ದರೆ, ಅಥವಾ ಎತ್ತರ ಮೂರನೆಯ ಶೇಕಡಾ ಗೆರೆಗಿಂತ (ಅದೇ ವಯಸ್ಸಿನ ನೂರರಲ್ಲಿ ಮೂವರು ಮಾತ್ರ ಇದಕ್ಕಿಂತ ಕುಳ್ಳಗಿರುತ್ತಾರೆ) ಕೆಳಗಿದ್ದರೆ ತೋರಿಸಬೇಕು. ನಕ್ಷೆಯ ಕೆಳಗಿನ ಗೆರೆಯಲ್ಲೇ ಇದ್ದರೂ ಅದನ್ನು ಬಿಡದೆ ಹಿಡಿದು ಬೆಳೆಯುತ್ತಿರುವ ಮಗು ಬಹುಮಟ್ಟಿಗೆ ಆರೋಗ್ಯವಂತ ಮಗು.

ಅಳತೆಯನ್ನು ಪ್ರತಿಬಾರಿ ಒಂದೇ ರೀತಿ ತೆಗೆಯಿರಿ: ಬರಿಗಾಲು, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗಿರಬೇಕು, ನೋಟ ನೇರವಾಗಿರಬೇಕು, ತಲೆಯ ಮೇಲೆ ಚಪ್ಪಟೆ ಹಲಗೆ ಇಟ್ಟು ಗುರುತು ಮಾಡಬೇಕು. ಒಂದು ಸೆಂಟಿಮೀಟರ್ ತಪ್ಪಿದರೂ ವರ್ಷದ ವೇಗದ ಲೆಕ್ಕ ತಲೆಕೆಳಗಾಗುತ್ತದೆ. ಆರು ತಿಂಗಳಿಗಿಂತ ಕಡಿಮೆ ಅಂತರದ ಎರಡು ಅಳತೆಗಳಿಂದ ವೇಗವನ್ನು ಊಹಿಸದಿರುವುದು ಒಳ್ಳೆಯದು.

ಅಪ್ಪ ಅಮ್ಮ ಇಬ್ಬರೂ ಕುಳ್ಳಗಿದ್ದರೆ ಮಗುವೂ ಹಾಗೆಯೇ ಅಲ್ಲವೇ?

ಹೆಚ್ಚಾಗಿ ಹೌದು, ಮತ್ತು ಅದು ಕಾಯಿಲೆಯಲ್ಲ. ಒಂದು ಅಂದಾಜು ಲೆಕ್ಕವಿದೆ: ತಂದೆತಾಯಿಯ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಕೂಡಿಸಿ, ಹುಡುಗನಾದರೆ 13 ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸಬೇಕು. ಬಂದ ಉತ್ತರದ ಎರಡೂ ಬದಿಗೆ ಸುಮಾರು 8ರಿಂದ 10 ಸೆಂಟಿಮೀಟರ್ ವ್ಯತ್ಯಾಸ ಸಹಜ. ಮಗು ಈ ವ್ಯಾಪ್ತಿಗಿಂತ ಬಹಳ ಕೆಳಗಿನ ಗೆರೆಯಲ್ಲಿದ್ದರೆ ಕಾರಣ ಹುಡುಕಬೇಕು. ತಂದೆಯೋ ತಾಯಿಯೋ ವಿಪರೀತ ಕುಳ್ಳಗಿದ್ದರೆ ಅವರಲ್ಲೇ ಪತ್ತೆಯಾಗದ ವಂಶವಾಹಿ ದೋಷ ಇರಬಹುದು ಎಂಬುದನ್ನೂ ಮರೆಯಬಾರದು.

ಇನ್ನು ಕೆಲವು ಮಕ್ಕಳು ನಿಧಾನವಾಗಿ ಬಲಿಯುವವರು. ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇಯಲ್ಲಿ ಮೂಳೆಯ ವಯಸ್ಸು ನಿಜವಾದ ವಯಸ್ಸಿಗಿಂತ ಹಿಂದಿರುತ್ತದೆ, ಹರೆಯ ತಡವಾಗಿ ಬರುತ್ತದೆ, ಕೊನೆಗೆ ಎತ್ತರ ಕುಟುಂಬದ ಮಟ್ಟವನ್ನು ಮುಟ್ಟುತ್ತದೆ.

ಪ್ರಚೋದನಾ ಪರೀಕ್ಷೆ ಬರೆದಿದ್ದಾರೆ. ಮಗುವಿಗೆ ನೋವಾಗುತ್ತದೆಯೇ? ಅದು ಖಂಡಿತ ಬೇಕೇ?

ತನ್ನಷ್ಟಕ್ಕೆ ಚಿಮ್ಮುವ ಹಾರ್ಮೋನನ್ನು ಕಾಯುತ್ತಾ ಕೂರಲು ಆಗದ್ದರಿಂದ, ಔಷಧ ಕೊಟ್ಟು ಗ್ರಂಥಿಯನ್ನು ಕೆಣಕಿ ಅದು ಎಷ್ಟು ಉತ್ತರ ಕೊಡುತ್ತದೆ ಎಂದು ನೋಡುವುದೇ ಈ ಪರೀಕ್ಷೆ. ಮಗು ರಾತ್ರಿಯಿಂದ ಏನೂ ತಿನ್ನದೆ ಬೆಳಿಗ್ಗೆ ಬರುತ್ತದೆ. ಕೈಯ ರಕ್ತನಾಳಕ್ಕೆ ಒಂದು ಸಣ್ಣ ನಳಿಕೆ ಹಾಕುತ್ತಾರೆ. ನೋವು ಎಂಬುದು ಬಹುಮಟ್ಟಿಗೆ ಅಷ್ಟೇ. ಕ್ಲೋನಿಡಿನ್ ಮಾತ್ರೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಮಗು ತೂಕಡಿಸುತ್ತದೆ, ರಕ್ತದೊತ್ತಡ ಸ್ವಲ್ಪ ಇಳಿಯುತ್ತದೆ, ಆದ್ದರಿಂದ ಮಲಗಿಸಿಯೇ ಇಟ್ಟು ಸುಮಾರು ಅರ್ಧ ಗಂಟೆಗೊಮ್ಮೆ ನಳಿಕೆಯಿಂದ ರಕ್ತ ತೆಗೆಯುತ್ತಾರೆ. ಇನ್ಸುಲಿನ್ ಬಳಸುವ ಪರೀಕ್ಷೆಯಲ್ಲಿ ರಕ್ತದ ಸಕ್ಕರೆಯನ್ನು ಬೇಕೆಂದೇ ಡೆಸಿಲೀಟರಿಗೆ 40 ಮಿಲಿಗ್ರಾಂಗಿಂತ ಕೆಳಗೆ ಇಳಿಸುತ್ತಾರೆ. ಮಗು ಬೆವರುತ್ತದೆ, ಹಸಿವು ಎನ್ನುತ್ತದೆ, ಬಿಳಿಚಿಕೊಳ್ಳುತ್ತದೆ. ಪಕ್ಕದಲ್ಲಿ ಗ್ಲೂಕೋಸ್ ಸಿದ್ಧವಾಗಿಟ್ಟುಕೊಂಡು ಅನುಭವಿ ವೈದ್ಯರು ಮತ್ತು ದಾದಿ ಇಡೀ ಹೊತ್ತು ಜೊತೆಗಿರುವ ಕಡೆ ಮಾತ್ರ ಇದನ್ನು ಮಾಡಬೇಕು. ಅಪಸ್ಮಾರ ಅಥವಾ ಹೃದಯದ ತೊಂದರೆ ಇರುವವರಿಗೆ ಮಾಡಲೇಬಾರದು.

ಫಲಿತಾಂಶದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಒಂದು ಮಿಲಿಲೀಟರ್ ರಕ್ತಸಾರದಲ್ಲಿ 10 ನ್ಯಾನೋಗ್ರಾಂ ಎಂಬ ಹಳೆಯ ಗೆರೆಯನ್ನು ಅನೇಕ ಕೇಂದ್ರಗಳು ಈಗ 7ರ ಆಸುಪಾಸಿಗೆ ಇಳಿಸಿವೆ. ಗೆರೆ ಎಲ್ಲೇ ಇರಲಿ, ದಪ್ಪಗಿರುವ ಮಕ್ಕಳಲ್ಲಿ ಮತ್ತು ಹರೆಯಕ್ಕೆ ಕಾಲಿಡುವ ಮುನ್ನ ಉತ್ತರ ತಗ್ಗಿ ಬರುವುದುಂಟು. ಪ್ರಯೋಗಾಲಯದ ವಿಧಾನ ಬದಲಾದರೂ ಅಂಕಿ ಬದಲಾಗುತ್ತದೆ. ಅದಕ್ಕಾಗಿಯೇ ಸಾಮಾನ್ಯವಾಗಿ ಎರಡು ಬೇರೆ ಪರೀಕ್ಷೆಗಳಲ್ಲಿ ಕೊರತೆ ಕಂಡರೆ ಮಾತ್ರ, ಅದೂ ಬೆಳವಣಿಗೆಯ ವೇಗ, ಮೂಳೆ ವಯಸ್ಸು ಮತ್ತು ಐಜಿಎಫ್-1 ಹೊಂದಿಕೊಂಡಾಗ ಮಾತ್ರ, ಕೊರತೆ ಎನ್ನುತ್ತಾರೆ. ಚೆನ್ನಾಗಿ ಬೆಳೆಯುತ್ತಿರುವ ಮಗುವಿಗೆ ಈ ಪರೀಕ್ಷೆ ಮಾಡಿಸಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ತಪ್ಪು ಕೊರತೆ ತೋರಿಸುವ ಸಾಧ್ಯತೆ ಅಂಥವರಲ್ಲೇ ಹೆಚ್ಚು.

ಇಂಜೆಕ್ಷನ್ ಶುರು ಮಾಡಿದರೆ ಎಷ್ಟು ವರ್ಷ? ಅಡ್ಡಪರಿಣಾಮಗಳೇನು?

ರಾತ್ರಿ ಮಲಗುವ ಮುನ್ನ, ತೊಡೆ ಅಥವಾ ಹೊಟ್ಟೆಯ ಚರ್ಮದ ಕೆಳಗೆ, ದಿನಕ್ಕೊಂದು ಚುಚ್ಚುಮದ್ದು. ಮೂಳೆಯ ತುದಿಗಳು ಕೂಡಿಕೊಂಡು ಬೆಳವಣಿಗೆ ನಿಲ್ಲುವವರೆಗೆ. ನಿಜವಾದ ಕೊರತೆಗೆ ಸಾಮಾನ್ಯ ಪ್ರಮಾಣ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 25ರಿಂದ 35 ಮೈಕ್ರೋಗ್ರಾಂ. ವರ್ಷಕ್ಕೆ 3–4 ಸೆಂಟಿಮೀಟರ್ ಬೆಳೆಯುತ್ತಿದ್ದ ಮಗು ಮೊದಲ ವರ್ಷದಲ್ಲಿ 8ರಿಂದ 10 ಸೆಂಟಿಮೀಟರ್ ಅಥವಾ ಅದಕ್ಕೂ ಹೆಚ್ಚು ಬೆಳೆಯುವುದುಂಟು. ಎರಡನೆಯ ವರ್ಷದಿಂದ ವೇಗ ಇಳಿಯುತ್ತದೆ. ಇದು ಔಷಧ ಸೋತ ಲಕ್ಷಣವಲ್ಲ.

ಹೆಚ್ಚಿನ ಮಕ್ಕಳು ಇದನ್ನು ಚೆನ್ನಾಗಿ ತಾಳುತ್ತಾರೆ. ಆದರೂ ಎರಡು ದೂರುಗಳನ್ನು ಎಂದೂ ಮುಂದಕ್ಕೆ ಹಾಕಬೇಡಿ. ವಾಂತಿಯ ಜೊತೆಗೆ ಬಿಡದ ತಲೆನೋವು ಬಂದರೆ ತಲೆಯೊಳಗಿನ ಒತ್ತಡ ಏರಿರಬಹುದು. ಸೊಂಟದಲ್ಲೋ ಮಂಡಿಯಲ್ಲೋ ನೋವೆಂದು ಮಗು ಕುಂಟಿದರೆ ತೊಡೆಮೂಳೆಯ ತಲೆ ಜಾರಿರಬಹುದು. ಎರಡಕ್ಕೂ ಅದೇ ದಿನ ವೈದ್ಯರನ್ನು ಕಾಣಬೇಕು. ಮೊದಲೇ ಬಾಗಿದ ಬೆನ್ನುಮೂಳೆ ವೇಗದ ಬೆಳವಣಿಗೆಯಲ್ಲಿ ಇನ್ನಷ್ಟು ಬಾಗಬಹುದಾದ್ದರಿಂದ ಪ್ರತಿ ಭೇಟಿಯಲ್ಲೂ ಬೆನ್ನು ನೋಡಿಸಬೇಕು. ಬೆಳವಣಿಗೆ ಮುಗಿದ ಮೇಲೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತಾರೆ. ಬಾಲ್ಯದಲ್ಲಿ ಕಾರಣ ತಿಳಿಯದ ಒಂಟಿ ಕೊರತೆ ಎಂದು ಗುರುತಿಸಿದವರಲ್ಲಿ ಗಣನೀಯ ಪಾಲು ಜನರ ಫಲಿತಾಂಶ ಆಗ ಸಹಜವಾಗಿರುತ್ತದೆ.

ಕೊರತೆ ಇಲ್ಲ ಎಂದಿದ್ದಾರೆ. ಆದರೂ ಮಗಳ ಎತ್ತರ ಹೆಚ್ಚಲೆಂದು ಇಂಜೆಕ್ಷನ್ ಕೊಡಿಸಬಹುದೇ?

ಕೊರತೆ ಇಲ್ಲದಿದ್ದರೂ ಈ ಔಷಧದಿಂದ ನಿಜವಾದ ಪ್ರಯೋಜನ ಪಡೆಯುವ ಮಕ್ಕಳಿದ್ದಾರೆ: ಟರ್ನರ್ ಸಿಂಡ್ರೋಮ್ (ಒಂದು ಎಕ್ಸ್ ವರ್ಣತಂತು ಪೂರ್ತಿ ಅಥವಾ ಭಾಗಶಃ ಇಲ್ಲದ ಸ್ಥಿತಿ) ಇರುವ ಹುಡುಗಿಯರು, ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯವರು, ಗರ್ಭದಲ್ಲೇ ಕಡಿಮೆ ಬೆಳೆದು ಹುಟ್ಟಿ ನಂತರವೂ ಸರಿದೂಗದವರು, ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂಬ ವಂಶವಾಹಿ ಕಾಯಿಲೆ ಇರುವವರು. ಆದ್ದರಿಂದ ಕುಳ್ಳಗಿರುವ ಪ್ರತಿ ಹುಡುಗಿಗೂ ವರ್ಣತಂತು ಪರೀಕ್ಷೆ ಮಾಡಿಸುವುದು ಅಗತ್ಯ. ಹೊರನೋಟಕ್ಕೆ ಏನೂ ಕಾಣದ ಟರ್ನರ್ ಸಿಂಡ್ರೋಮ್ ಇದರಿಂದಲೇ ಬೆಳಕಿಗೆ ಬರುತ್ತದೆ.

ಯಾವ ಕಾರಣವೂ ಸಿಗದ ಕುಳ್ಳತನದ ಮಾತು ಬೇರೆ. ಅಮೆರಿಕ 2003ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು, ಯುರೋಪಿನ ಔಷಧ ಸಂಸ್ಥೆ ಕೊಡಲಿಲ್ಲ. ವರ್ಷಗಟ್ಟಲೆ ದಿನವೂ ಚುಚ್ಚಿಕೊಂಡ ಮೇಲೆ ಅಂತಿಮ ಎತ್ತರದಲ್ಲಿ ಸಿಗುವ ಹೆಚ್ಚಳ ಸರಾಸರಿ 4ರಿಂದ 7 ಸೆಂಟಿಮೀಟರ್. ಯಾವ ಮಗುವಿಗೆ ಹೆಚ್ಚು, ಯಾವ ಮಗುವಿಗೆ ಏನೂ ಇಲ್ಲ ಎಂಬುದನ್ನು ಮೊದಲೇ ಹೇಳಲಾಗದು. ಆ ಹೆಚ್ಚಳದಿಂದ ಮಗು ಹೆಚ್ಚು ಸಂತೋಷವಾಗಿರುತ್ತದೆ ಎಂಬುದಕ್ಕೆ ಗಟ್ಟಿ ಆಧಾರವೂ ಇಲ್ಲ. ಆರೋಗ್ಯವಾಗಿರುವ ಮಗುವಿಗೆ ಪ್ರತಿ ರಾತ್ರಿ ನೀನು ಸರಿಯಿಲ್ಲ ಎಂಬ ಸಂದೇಶ ಕೊಟ್ಟಂತಾಗುವುದನ್ನೂ ತಂದೆತಾಯಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

## ಹಾರ್ಮೋನ್ ಅತಿಯಾದಾಗ

ಎರಡು ಮೂರು ವರ್ಷಗಳಿಂದ ಉಂಗುರ ಬಿಗಿಯಾಗಿದೆ, ಚಪ್ಪಲಿಯ ಅಳತೆ ಏರಿದೆ. ಇದೂ ಪಿಟ್ಯುಟರಿ ತೊಂದರೆಯೇ?

ಇರಬಹುದು, ಪರೀಕ್ಷಿಸಬೇಕು. ಬೆಳವಣಿಗೆ ನಿಂತ ಮೇಲೆ ಹಾರ್ಮೋನ್ ಅತಿಯಾದರೆ ಮೂಳೆ ಉದ್ದವಾಗಲಾರದು, ಅಗಲವಾಗುತ್ತದೆ. 1886ರಲ್ಲಿ ಫ್ರೆಂಚ್ ವೈದ್ಯ ಪಿಯರ್ ಮರೀ ಇದನ್ನು ಆಕ್ರೊಮೆಗಲಿ ಎಂಬ ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದರು. ಕೈಕಾಲು ದಪ್ಪವಾಗುವುದು, ಕೆಳದವಡೆ ಮುಂಚಾಚುವುದು, ಹಲ್ಲುಗಳ ನಡುವೆ ಸಂದು, ಧ್ವನಿ ಗಡುಸಾಗುವುದು, ಅತಿಯಾದ ಬೆವರು, ಜೋರಾದ ಗೊರಕೆ, ಬೆರಳು ಜೋಮುಗಟ್ಟುವುದು, ಹೊಸದಾಗಿ ಕಂಡ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದರ ಗುರುತುಗಳು. ಪ್ರತಿಯೊಂದಕ್ಕೂ ಬೇರೆ ಬೇರೆ ವೈದ್ಯರನ್ನು ಕಂಡಿರುತ್ತಾರೆ, ಎಲ್ಲವನ್ನೂ ಒಟ್ಟಿಗೆ ನೋಡಿದವರು ಇರುವುದಿಲ್ಲ. ಬದಲಾವಣೆ ತೀರ ನಿಧಾನವಾದ್ದರಿಂದ ಮನೆಯವರ ಕಣ್ಣಿಗೂ ಬೀಳುವುದಿಲ್ಲ. ಕಾಯಿಲೆ ಶುರುವಾಗಿ ಪತ್ತೆಯಾಗುವಷ್ಟರಲ್ಲಿ ಐದರಿಂದ ಹತ್ತು ವರ್ಷ ಕಳೆದಿರುವುದು ಸಾಮಾನ್ಯ.

ಹೀಗಾಗಿ ಅನುಮಾನ ಬಂದಾಗ ಹಳೆಯ ಭಾವಚಿತ್ರಗಳನ್ನು ತರಲು ಹೇಳುತ್ತೇವೆ. ಹತ್ತು ವರ್ಷದ ಹಿಂದಿನ ಗುರುತಿನ ಚೀಟಿಯ ಚಿತ್ರ, ಮದುವೆಯ ಚಿತ್ರ, ಇಂದಿನ ಮುಖ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ಹುಬ್ಬಿನ ಮೂಳೆ, ಮೂಗಿನ ಅಗಲ, ತುಟಿಯ ದಪ್ಪ ಮತ್ತು ಗಲ್ಲವನ್ನು ಒಂದೊಂದಾಗಿ ಹೋಲಿಸಿದಾಗ, ಕೊಠಡಿಯೊಳಗೆ ಬಂದ ಕ್ಷಣ ಕಾಣದ ಕಾಯಿಲೆ ಎದ್ದು ಕಾಣುತ್ತದೆ.

ಪರೀಕ್ಷೆ ಸರಳ. ವಯಸ್ಸಿಗೆ ಮೀರಿದ ಐಜಿಎಫ್-1 ಕಂಡರೆ, 75 ಗ್ರಾಂ ಗ್ಲೂಕೋಸ್ ಕುಡಿಸಿ ಬೆಳವಣಿಗೆ ಹಾರ್ಮೋನ್ ಅಳೆಯುತ್ತಾರೆ. ಆರೋಗ್ಯವಂತರಲ್ಲಿ ಸಕ್ಕರೆ ಏರಿದಾಗ ಅದು ಮಿಲಿಲೀಟರಿಗೆ 1 ನ್ಯಾನೋಗ್ರಾಂಗಿಂತ ಕೆಳಗಿಳಿಯುತ್ತದೆ. ಈ ಕಾಯಿಲೆಯಲ್ಲಿ ಇಳಿಯುವುದಿಲ್ಲ. ಆಮೇಲೆ ಎಂಆರ್‌ಐ.

ಮೂಗಿನ ಮೂಲಕ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಔಷಧದಲ್ಲೇ ವಾಸಿಯಾಗುವುದಿಲ್ಲವೇ?

ಆಕ್ರೊಮೆಗಲಿಗೆ ಸಾಮಾನ್ಯವಾಗಿ ಮೊದಲ ಆಯ್ಕೆ ಶಸ್ತ್ರಚಿಕಿತ್ಸೆಯೇ, ಏಕೆಂದರೆ ಒಂದೇ ಬಾರಿಗೆ ಕಾಯಿಲೆಯನ್ನು ಕಿತ್ತುಹಾಕುವ ಅವಕಾಶ ಇರುವುದು ಅದರಲ್ಲಿ. ತಲೆಬುರುಡೆ ತೆರೆಯುವುದಿಲ್ಲ; ಮೂಗಿನ ಹೊಳ್ಳೆಯಿಂದ ಎಂಡೋಸ್ಕೋಪ್ ಒಯ್ದು ಗ್ರಂಥಿಯ ಕುಳಿಯ ತಳವನ್ನು ತೆರೆದು ಗಡ್ಡೆಯನ್ನು ತೆಗೆಯುತ್ತಾರೆ. 10 ಮಿಲಿಮೀಟರಿಗಿಂತ ಚಿಕ್ಕ ಗಡ್ಡೆಗಳಲ್ಲಿ ನುರಿತ ಕೈಗಳಲ್ಲಿ ಶೇಕಡಾ 80ರ ಆಸುಪಾಸಿನಲ್ಲಿ ಹಾರ್ಮೋನ್ ಸಹಜ ಮಟ್ಟಕ್ಕೆ ಬರುತ್ತದೆ, ದೊಡ್ಡ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು. ಶಸ್ತ್ರಚಿಕಿತ್ಸಕರು ವರ್ಷಕ್ಕೆ ಎಷ್ಟು ಪಿಟ್ಯುಟರಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಫಲಿತಾಂಶ ಅನುಭವವನ್ನು ಅಷ್ಟು ಅವಲಂಬಿಸಿದೆ.

ಉಳಿದ ಗಡ್ಡೆಗೆ ತಿಂಗಳಿಗೊಮ್ಮೆ ಕೊಡುವ ಆಕ್ಟ್ರಿಯೋಟೈಡ್ ಅಥವಾ ಲ್ಯಾನ್ರಿಯೋಟೈಡ್ ಚುಚ್ಚುಮದ್ದು, ಸೌಮ್ಯ ರೋಗಕ್ಕೆ ಕ್ಯಾಬರ್ಗೊಲಿನ್ ಮಾತ್ರೆ, ಹಾರ್ಮೋನಿನ ಪರಿಣಾಮವನ್ನೇ ತಡೆಯುವ ಪೆಗ್ವಿಸೊಮ್ಯಾಂಟ್, ಕೊನೆಗೆ ವಿಕಿರಣ ಚಿಕಿತ್ಸೆ ಇವೆ. ಪ್ರೊಲ್ಯಾಕ್ಟಿನ್ ಸ್ರವಿಸುವ ಗಡ್ಡೆಯದು ಮಾತ್ರ ಸಂಪೂರ್ಣ ಬೇರೆ ದಾರಿ: ಅದು ಕ್ಯಾಬರ್ಗೊಲಿನ್ ಮಾತ್ರೆಯಿಂದಲೇ ಕುಗ್ಗುತ್ತದೆ. ಹಾಗಾಗಿ ಪ್ರೊಲ್ಯಾಕ್ಟಿನ್ ಅಳೆಯದೆ ಯಾವ ಪಿಟ್ಯುಟರಿ ಗಡ್ಡೆಗೂ ಶಸ್ತ್ರಚಿಕಿತ್ಸೆ ಮಾಡಬಾರದು.

ಏಳು ಎಂಟು ಅಡಿ ಬೆಳೆದವರ ಬಗ್ಗೆ ಓದಿದ್ದೇವೆ. ಅದು ಕುಟುಂಬದಲ್ಲಿ ಮುಂದುವರಿಯುತ್ತದೆಯೇ?

ಕೆಲವು ಕುಟುಂಬಗಳಲ್ಲಿ ಹೌದು. 1783ರಲ್ಲಿ ತೀರಿಕೊಂಡ, ಐರಿಷ್ ದೈತ್ಯನೆಂದು ಹೆಸರಾದ ಚಾರ್ಲ್ಸ್ ಬರ್ನ್ ಅವರ ಅಸ್ಥಿಪಂಜರ ಲಂಡನ್ನಿನಲ್ಲಿತ್ತು. 1909ರಲ್ಲಿ ಅಮೆರಿಕದ ಮಿದುಳು ಶಸ್ತ್ರಚಿಕಿತ್ಸಕ ಹಾರ್ವಿ ಕುಶಿಂಗ್ ತಲೆಬುರುಡೆಯನ್ನು ಪರೀಕ್ಷಿಸಿ ಪಿಟ್ಯುಟರಿಯ ಕುಳಿ ಹಿಗ್ಗಿರುವುದನ್ನು ಕಂಡರು. ಶತಮಾನದ ನಂತರ, 2011ರಲ್ಲಿ, ಅವರ ಹಲ್ಲಿನ ಡಿಎನ್‌ಎಯಲ್ಲಿ ಎಐಪಿ ಎಂಬ ವಂಶವಾಹಿಯ ದೋಷ ಸಿಕ್ಕಿತು, ಮತ್ತು ಇಂದಿನ ಉತ್ತರ ಐರ್ಲೆಂಡಿನ ಕೆಲವು ಕುಟುಂಬಗಳಲ್ಲೂ ಅದೇ ದೋಷ ಇರುವುದು ತಿಳಿಯಿತು. ಈ ದೋಷ ಹೊತ್ತ ಎಲ್ಲರಿಗೂ ಗಡ್ಡೆ ಬರುವುದಿಲ್ಲ, ಆದರೆ ಬಂದಾಗ ಎಳೆಯ ವಯಸ್ಸಿನಲ್ಲೇ ಬರುತ್ತದೆ. ಹಾಲುಗೂಸಿನ ವಯಸ್ಸಿನಿಂದಲೇ ಅತಿ ಬೆಳವಣಿಗೆ ತರುವ ಎಕ್ಸ್ ವರ್ಣತಂತುವಿನ ಇನ್ನೊಂದು ದೋಷವನ್ನು 2014ರಲ್ಲಿ ವಿವರಿಸಲಾಯಿತು. ಹಾಗಿದ್ದರೂ ಆಕ್ರೊಮೆಗಲಿಯ ಬಹುಪಾಲು ರೋಗಿಗಳಲ್ಲಿ ದೋಷ ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತದೆ, ಮಕ್ಕಳಿಗೆ ಹೋಗುವುದಿಲ್ಲ.

## ಗ್ರಂಥಿ ಸೋತಾಗ

ತಲೆನೋವಿಗೆಂದು ಎಂಆರ್‌ಐ ಮಾಡಿಸಿದರೆ ಪಿಟ್ಯುಟರಿಯಲ್ಲಿ 4 ಮಿಲಿಮೀಟರ್ ಗಡ್ಡೆ ಎಂದು ಬಂತು. ಕ್ಯಾನ್ಸರೇ?

ಕ್ಯಾನ್ಸರ್ ಇರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ಕಾರಣಕ್ಕೆ ಚಿತ್ರ ತೆಗೆಸಿದ ಹತ್ತು ಜನರಲ್ಲಿ ಒಬ್ಬರಿಗೆ ಇಂಥ ಸಣ್ಣ ಗಡ್ಡೆ ಕಾಣುತ್ತದೆ, ಹೆಚ್ಚಿನವು ಜೀವನವಿಡೀ ಸುಮ್ಮನಿರುತ್ತವೆ. ಹಾರ್ಮೋನ್ ಹೆಚ್ಚು ಸ್ರವಿಸುತ್ತಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ, ಒಂದು ವರ್ಷದ ನಂತರ ಇನ್ನೊಮ್ಮೆ ಎಂಆರ್‌ಐ ತೆಗೆಸಿ ಹೋಲಿಸಿದರೆ ಸಾಮಾನ್ಯವಾಗಿ ಸಾಕು.

ಹೆರಿಗೆಯಲ್ಲಿ ತುಂಬಾ ರಕ್ತ ಹೋಯಿತು. ಆಮೇಲೆ ಹಾಲು ಬರಲಿಲ್ಲ, ಮುಟ್ಟೂ ಬರಲಿಲ್ಲ. ಎಷ್ಟೋ ವರ್ಷದಿಂದ ಸುಸ್ತು. ಕಾರಣವೇನು?

ನೀವು ಹೇಳುತ್ತಿರುವ ಕ್ರಮ ಶೀಹನ್ ಸಿಂಡ್ರೋಮಿನ ಕ್ರಮವೇ. ಗರ್ಭಿಣಿಯಲ್ಲಿ ಪಿಟ್ಯುಟರಿ ಹಿಗ್ಗಿರುತ್ತದೆ, ಆದರೆ ಅದಕ್ಕೆ ಬರುವ ರಕ್ತ ಕಡಿಮೆ ಒತ್ತಡದ ನಾಳಗಳಿಂದ. ವಿಪರೀತ ರಕ್ತಸ್ರಾವದಲ್ಲಿ ಒತ್ತಡ ಕುಸಿದಾಗ ಗ್ರಂಥಿಯ ಮುಂಭಾಗ ರಕ್ತ ಸಿಗದೆ ಸಾಯುತ್ತದೆ. ಹೆರಾಲ್ಡ್ ಶೀಹನ್ 1937ರಲ್ಲಿ ಇದನ್ನು ವಿವರಿಸಿದರು. ಎದೆಹಾಲು ಬರದಿರುವುದು ಮೊದಲ ಗುರುತು. ಬೋಳಿಸಿದ ಕೂದಲು ಮತ್ತೆ ಹುಟ್ಟದಿರುವುದು, ಚಳಿ ತಾಳಲಾಗದಿರುವುದು, ಚರ್ಮ ಬಿಳಿಚಿಕೊಳ್ಳುವುದು ನಂತರ ಬರುತ್ತವೆ. ಇದನ್ನು ಬಾಣಂತಿಯ ನಿಶ್ಶಕ್ತಿ ಎಂದು ತಳ್ಳಿಹಾಕಿದ್ದರಿಂದ ಹತ್ತು ಇಪ್ಪತ್ತು ವರ್ಷ ಕಳೆದುಕೊಂಡ ಹೆಂಗಸರಿದ್ದಾರೆ ಎಂಬುದು ನಿಜಕ್ಕೂ ನೋವಿನ ಸಂಗತಿ. ಹೆರಿಗೆಯ ಕಥೆಯನ್ನು ಕೇಳಿದರೆ ಸಾಕು, ಅನುಮಾನ ಮೂಡುತ್ತದೆ.

ಗಡ್ಡೆ, ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಗ್ರಂಥಿ ಸೋಲಲು ಸಾಮಾನ್ಯ ಕಾರಣಗಳು. ತಲೆಗೆ ಬಿದ್ದ ಪೆಟ್ಟು, ಕೊಳಕುಮಂಡಲ ಹಾವಿನ ಕಡಿತ ಮತ್ತು ಕ್ಯಾನ್ಸರಿಗೆ ಕೊಡುವ ಇಪಿಲಿಮುಮ್ಯಾಬ್‌ನಂಥ, ದೇಹದ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ಹೊಸ ಔಷಧಗಳಿಂದಲೂ ಹೀಗಾಗಬಹುದು.

ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾಗಿದೆ. ಮೊದಲು ಸ್ಟಿರಾಯ್ಡ್ ತೆಗೆದುಕೊಳ್ಳಿ ಎಂದು ಏಕೆ ಹೇಳುತ್ತಾರೆ?

ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪಿಟ್ಯುಟರಿ ಸೋತವರಲ್ಲಿ ಕಾರ್ಟಿಸಾಲ್ ಕೂಡ ಕಡಿಮೆ ಇರಬಹುದು. ಥೈರಾಕ್ಸಿನ್ ಮಾತ್ರೆ ದೇಹದ ಬೇಡಿಕೆಯನ್ನು ಏರಿಸುವುದರ ಜೊತೆಗೆ ಉಳಿದಿರುವ ಅಲ್ಪ ಕಾರ್ಟಿಸಾಲನ್ನೂ ಬೇಗ ಖರ್ಚು ಮಾಡಿಸುತ್ತದೆ. ಆಗ ರಕ್ತದೊತ್ತಡ ಕುಸಿದು, ವಾಂತಿಯಾಗಿ, ಜೀವಕ್ಕೇ ಅಪಾಯವಾಗುತ್ತದೆ. ಆದ್ದರಿಂದ ಕಾರ್ಟಿಸಾಲ್ ಪರೀಕ್ಷಿಸಿ, ಕಡಿಮೆ ಇದ್ದರೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಶುರು ಮಾಡಿ, ಆಮೇಲೆಯೇ ಥೈರಾಕ್ಸಿನ್.

ಈ ಸ್ಟಿರಾಯ್ಡ್ ದೇಹ ತಾನೇ ಮಾಡಬೇಕಿದ್ದ ಹಾರ್ಮೋನಿನ ಬದಲಿ. ದಿನಕ್ಕೆ ಸಾಮಾನ್ಯವಾಗಿ 15ರಿಂದ 20 ಮಿಲಿಗ್ರಾಂ, ಎರಡು ಮೂರು ಹೊತ್ತಾಗಿ ಹಂಚಿ. ಜ್ವರ ಬಂದರೆ ಎರಡು ಅಥವಾ ಮೂರು ಪಟ್ಟು ಮಾಡಬೇಕು. ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ತಡಮಾಡದೆ 100 ಮಿಲಿಗ್ರಾಂ ಚುಚ್ಚುಮದ್ದು ಬೇಕು. ಈ ವಿಷಯ ಬರೆದ ಚೀಟಿ ಸದಾ ಜೇಬಿನಲ್ಲಿರಲಿ. ಇನ್ನೊಂದು ಮಾತು: ಪಿಟ್ಯುಟರಿ ಕಾಯಿಲೆಯಲ್ಲಿ ಟಿಎಸ್‌ಎಚ್ ಸಹಜವಾಗಿ ಕಂಡರೂ ಥೈರಾಯ್ಡ್ ಕಡಿಮೆ ಇರಬಹುದು. ಔಷಧದ ಪ್ರಮಾಣವನ್ನು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನ್) ನೋಡಿ ನಿರ್ಧರಿಸಬೇಕು.

ನನಗೆ ನಲವತ್ತೈದು ವರ್ಷ. ಈಗ ಬೆಳವಣಿಗೆ ಹಾರ್ಮೋನ್ ತೆಗೆದುಕೊಳ್ಳುವುದರಲ್ಲಿ ಅರ್ಥವಿದೆಯೇ?

ಪಿಟ್ಯುಟರಿ ಕಾಯಿಲೆಯಿಂದ ನಿಜವಾದ ಕೊರತೆ ಇದ್ದರೆ ಅರ್ಥವಿದೆ. ಡೆನ್ಮಾರ್ಕ್ ಮತ್ತು ಲಂಡನ್ನಿನಲ್ಲಿ ನಡೆದು 1989ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಕೊರತೆಯಿರುವ ವಯಸ್ಕರಿಗೆ ಹಾರ್ಮೋನ್ ಕೊಟ್ಟಾಗ ಕೊಬ್ಬು ಕಡಿಮೆಯಾಗಿ ಸ್ನಾಯು ಹೆಚ್ಚುವುದನ್ನು ತೋರಿಸಿದವು. ವಯಸ್ಕರಿಗೆ ತೂಕದ ಲೆಕ್ಕವಿಲ್ಲ, ದಿನಕ್ಕೆ 0.2 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣದಿಂದ ಶುರುಮಾಡಿ ಐಜಿಎಫ್-1 ನೋಡುತ್ತಾ ಏರಿಸುತ್ತಾರೆ. ಬಾಯಿಯಿಂದ ಈಸ್ಟ್ರೊಜೆನ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೆ ಹೆಚ್ಚು ಬೇಕಾಗುತ್ತದೆ, ಚರ್ಮಕ್ಕೆ ಅಂಟಿಸುವ ಈಸ್ಟ್ರೊಜೆನ್‌ಗೆ ಬದಲಾದರೆ ಆ ತೊಡಕಿಲ್ಲ. ಆರು ತಿಂಗಳಿಂದ ಒಂದು ವರ್ಷದಲ್ಲಿ ಯಾವ ಉಪಯೋಗವೂ ಕಾಣದಿದ್ದರೆ ಮುಂದುವರಿಸಬೇಕೇ ಎಂದು ವೈದ್ಯರ ಜೊತೆ ಮತ್ತೆ ಚರ್ಚಿಸಿ.

## ಸಂಶೋಧನೆಯ ಕಡೆಯಿಂದ

ಹಿಂದೆ ಈ ಹಾರ್ಮೋನನ್ನು ಶವಗಳಿಂದ ತೆಗೆಯುತ್ತಿದ್ದರಂತೆ. ಈಗಿನದು ಸುರಕ್ಷಿತವೇ?

ಈಗಿನದಕ್ಕೂ ಆಗಿನದಕ್ಕೂ ಮೂಲದಲ್ಲೇ ಸಂಬಂಧವಿಲ್ಲ. ದನದ ಇನ್ಸುಲಿನ್ ಮನುಷ್ಯನಿಗೆ ಒಗ್ಗಿತು, ದನದ ಬೆಳವಣಿಗೆ ಹಾರ್ಮೋನ್ ಒಗ್ಗಲಿಲ್ಲ. ಮನುಷ್ಯನ ಮೇಲೆ ಕೆಲಸ ಮಾಡುವುದು ಮನುಷ್ಯ ಮತ್ತು ವಾನರರ ಹಾರ್ಮೋನ್ ಮಾತ್ರ. 1958ರಲ್ಲಿ ಬಾಸ್ಟನ್ನಿನ ಮಾರಿಸ್ ರಾಬೆನ್, ತೀರಿಕೊಂಡವರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನಿನಿಂದ 17 ವರ್ಷದ ಹುಡುಗನೊಬ್ಬ ಬೆಳೆದುದನ್ನು ವರದಿ ಮಾಡಿದರು. ಅಲ್ಲಿಂದ ಅನೇಕ ದೇಶಗಳು ಶವಪರೀಕ್ಷೆಯಲ್ಲಿ ಗ್ರಂಥಿಗಳನ್ನು ಸಂಗ್ರಹಿಸಿದವು. ಸಾವಿರಾರು ಗ್ರಂಥಿಗಳನ್ನು ಒಟ್ಟಿಗೆ ಅರೆದು ಹಾರ್ಮೋನ್ ಬೇರ್ಪಡಿಸುತ್ತಿದ್ದುದರಿಂದ, ಅವುಗಳಲ್ಲಿ ಒಂದರಲ್ಲಿ ರೋಗವಿದ್ದರೂ ಅದು ಇಡೀ ತಯಾರಿಕೆಗೆ ಹರಡುತ್ತಿತ್ತು. 1985ರಲ್ಲಿ ಹೀಗೆ ಚಿಕಿತ್ಸೆ ಪಡೆದ ಯುವಕರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಾರಕ ಮಿದುಳಿನ ಕಾಯಿಲೆಯಿಂದ ಸತ್ತದ್ದು ಬೆಳಕಿಗೆ ಬಂದು, ಅಮೆರಿಕ ಮತ್ತು ಬ್ರಿಟನ್ ವಿತರಣೆಯನ್ನು ನಿಲ್ಲಿಸಿದವು. ಫ್ರಾನ್ಸಿನಲ್ಲೇ 100ಕ್ಕೂ ಹೆಚ್ಚು ಜನ ಸತ್ತರು. ಕೆಲವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಚಿಕಿತ್ಸೆಯ 30 ವರ್ಷಗಳ ನಂತರ. ಅದೇ 1985ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹಾರ್ಮೋನಿಗೆ ಒಪ್ಪಿಗೆ ಸಿಕ್ಕಿತು, ಇಂದು ಬಳಸುವುದೆಲ್ಲ ಹೀಗೆ ಪ್ರಯೋಗಾಲಯದ ಜೀವಕೋಶಗಳಲ್ಲಿ ತಯಾರಿಸಿದ್ದೇ.

2024ರಲ್ಲಿ ಬ್ರಿಟನ್ನಿನ ಸಂಶೋಧಕರು, ಬಾಲ್ಯದಲ್ಲಿ ಶವಮೂಲದ ಹಾರ್ಮೋನ್ ಪಡೆದ ಐವರಲ್ಲಿ ಆಲ್‌ಝೈಮರ್ ಲಕ್ಷಣಗಳು ಕಂಡದ್ದನ್ನು ವರದಿ ಮಾಡಿದರು. ಅದು ಆ ಹಳೆಯ ತಯಾರಿಕೆಗೆ ಸೀಮಿತ. ದಿನನಿತ್ಯದ ಒಡನಾಟದಲ್ಲಿ ಹರಡುತ್ತದೆ ಎಂಬುದಕ್ಕೆ ಯಾವ ಸುಳಿವೂ ಇಲ್ಲ.

ಹಾರ್ಮೋನ್ ಹೆಚ್ಚಿದ್ದರೂ ಕುಳ್ಳಗೆ ಉಳಿಯುವವರಿದ್ದಾರೆ ಎಂದು ಓದಿದೆ. ಅದು ಹೇಗೆ ಸಾಧ್ಯ?

ಕೋಶಗಳ ಮೇಲೆ ಹಾರ್ಮೋನ್ ಬಂದು ತಾಗುವ ಗ್ರಾಹಕ ಎಂಬ ಪ್ರೋಟೀನೇ ಕೆಟ್ಟಿದ್ದರೆ ಸಾಧ್ಯ. 1966ರಲ್ಲಿ ಇಸ್ರೇಲಿನ ಝ್ವಿ ಲಾರಾನ್ ಅಂಥ ಮಕ್ಕಳನ್ನು ವಿವರಿಸಿದರು: ರಕ್ತದಲ್ಲಿ ಬೆಳವಣಿಗೆ ಹಾರ್ಮೋನ್ ತುಂಬಿದೆ, ಐಜಿಎಫ್-1 ಇಲ್ಲ. ಅವರಿಗೆ ಬೆಳವಣಿಗೆ ಹಾರ್ಮೋನ್ ಕೊಟ್ಟು ಫಲವಿಲ್ಲ, ಐಜಿಎಫ್-1 ಅನ್ನೇ ಕೊಡಬೇಕು. ದಕ್ಷಿಣ ಈಕ್ವೆಡಾರಿನ ಲಾರಾನ್ ಸಿಂಡ್ರೋಮ್ ಇರುವವರನ್ನು ಹೈಮೆ ಗುವೆವಾರಾ-ಅಗಿರ್ರೆ ದಶಕಗಳ ಕಾಲ ಗಮನಿಸಿದರು. 2011ರ ವರದಿಯಂತೆ, ಅವರಲ್ಲಿ ಅನೇಕರು ದಪ್ಪಗಿದ್ದರೂ ಸಕ್ಕರೆ ಕಾಯಿಲೆ ಯಾರಿಗೂ ಇರಲಿಲ್ಲ, ಕ್ಯಾನ್ಸರ್ ಅತಿ ವಿರಳವಾಗಿತ್ತು. ಬೆಳವಣಿಗೆಯ ಸಂದೇಶ ಇಡೀ ಜೀವನ ತಗ್ಗಿದ್ದರೆ ಏನಾಗುತ್ತದೆ ಎಂಬುದನ್ನು ಮನುಷ್ಯರಲ್ಲಿ ನೋಡಲು ಸಿಕ್ಕ ಅಪರೂಪದ ಅವಕಾಶ ಅದು.

ಇದೇ ಗ್ರಾಹಕದ ಅಧ್ಯಯನದಿಂದ ಒಂದು ಔಷಧವೂ ಬಂತು. ಅಮೆರಿಕದ ಒಹಾಯೊದಲ್ಲಿ ಜಾನ್ ಕಾಪ್ಚಿಕ್ ಅವರ ತಂಡ ಹಾರ್ಮೋನಿನ ರಚನೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ, ಅದರ ವಂಶವಾಹಿಯನ್ನು ಇಲಿಗಳಿಗೆ ಸೇರಿಸಿತು. ದೊಡ್ಡದಾಗಬೇಕಿದ್ದ ಇಲಿಗಳು ಕುಬ್ಜವಾಗಿ ಹುಟ್ಟಿದವು. ಪ್ರಯೋಗ ಕೆಟ್ಟಿತೆಂದು ಕೈಬಿಡದೆ, ಬದಲಾದ ಹಾರ್ಮೋನ್ ಗ್ರಾಹಕಕ್ಕೆ ಅಂಟಿಕೊಂಡು ಅದರ ದಾರಿಯನ್ನು ಮುಚ್ಚುತ್ತಿದೆ ಎಂದು ಅವರು ಕಂಡುಕೊಂಡರು. ಆಕ್ರೊಮೆಗಲಿಗೆ ಕೊಡುವ ಪೆಗ್ವಿಸೊಮ್ಯಾಂಟ್ ಹುಟ್ಟಿದ್ದು ಹೀಗೆ. 2003ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು.

ಮುಪ್ಪು ತಡೆಯಲು, ಮೈಕಟ್ಟು ಬೆಳೆಸಲು ತೆಗೆದುಕೊಳ್ಳಬಹುದೇ?

ಬೇಡ. ಈ ಆಸೆಯ ಮೂಲ 1990ರಲ್ಲಿ ಡೇನಿಯಲ್ ರುಡ್‌ಮನ್ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ: 60 ದಾಟಿದ 12 ಗಂಡಸರಿಗೆ ಆರು ತಿಂಗಳು ಹಾರ್ಮೋನ್ ಕೊಟ್ಟಾಗ ಕೊಬ್ಬು ಇಳಿದು ಸ್ನಾಯುವಿನ ತೂಕ ಏರಿತ್ತು. ನಂತರದ ಅಧ್ಯಯನಗಳಲ್ಲಿ ಆ ತೂಕಕ್ಕೆ ತಕ್ಕ ಬಲ ಬರಲಿಲ್ಲ. ಬಂದದ್ದು ಊತ, ಕೀಲುನೋವು ಮತ್ತು ಏರಿದ ಸಕ್ಕರೆ. ಕ್ರೀಡಾಪಟುಗಳಿಗೆ ಇದು 1989ರಿಂದ ನಿಷಿದ್ಧ. ಹಾರ್ಮೋನ್ ರಕ್ತದಿಂದ ಬೇಗ ಮರೆಯಾದರೂ ಐಜಿಎಫ್-1 ಮತ್ತು ಕೊಲಾಜೆನ್‌ಗೆ ಸಂಬಂಧಿಸಿದ ಒಂದು ಅಣು ಹೆಚ್ಚು ದಿನ ಏರಿಯೇ ಇರುವುದರಿಂದ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ.

ಕೋಶಗಳನ್ನು ಬೆಳೆಸುವ ಹಾರ್ಮೋನ್ ಎಂದರೆ ಕ್ಯಾನ್ಸರ್ ಬರುವುದಿಲ್ಲವೇ?

ಪ್ರಶ್ನೆ ನ್ಯಾಯವಾದದ್ದು, ಆದ್ದರಿಂದಲೇ ದಶಕಗಳಿಂದ ಚಿಕಿತ್ಸೆ ಪಡೆದವರನ್ನು ಹಿಂಬಾಲಿಸಿ ನೋಡಲಾಗಿದೆ. 2012ರಲ್ಲಿ ಫ್ರಾನ್ಸಿನ ಮಾಹಿತಿ ಸಾವಿನ ಪ್ರಮಾಣ ಏರಿದಂತೆ ತೋರಿಸಿ ಆತಂಕ ಹುಟ್ಟಿಸಿತು. ಹಲವು ಯುರೋಪಿಯನ್ ದೇಶಗಳನ್ನು ಸೇರಿಸಿಕೊಂಡ ಅದೇ ಅಧ್ಯಯನದ ನಂತರದ ವಿಶ್ಲೇಷಣೆಯಲ್ಲಿ, ಬೇರೆ ಕಾಯಿಲೆ ಇಲ್ಲದೆ ಬರೀ ಕೊರತೆಗೆ ಚಿಕಿತ್ಸೆ ಪಡೆದವರಲ್ಲಿ ಸಾವಿನ ಪ್ರಮಾಣ ಸಾಮಾನ್ಯರಿಗಿಂತ ಹೆಚ್ಚಿರಲಿಲ್ಲ. ಸಕ್ರಿಯ ಕ್ಯಾನ್ಸರ್ ಇರುವವರಿಗೆ ಈ ಹಾರ್ಮೋನ್ ಕೊಡುವಂತಿಲ್ಲ. ಬಾಲ್ಯದ ಕ್ಯಾನ್ಸರಿನಿಂದ ಗುಣವಾದವರಲ್ಲಿ ಕೊರತೆ ಕಂಡರೆ, ರೋಗ ಮರುಕಳಿಸದೆ ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ, ಕ್ಯಾನ್ಸರ್ ತಜ್ಞರ ಒಪ್ಪಿಗೆಯೊಂದಿಗೆ ಶುರುಮಾಡುತ್ತಾರೆ.

ವಾರಕ್ಕೊಂದೇ ಇಂಜೆಕ್ಷನ್ ಬಂದಿದೆಯಂತೆ. ದಿನದ್ದನ್ನು ಬಿಟ್ಟು ಅದಕ್ಕೆ ಬದಲಾಗಬಹುದೇ?

ಲೋನಾಪೆಗ್‌ಸೊಮ್ಯಾಟ್ರೋಪಿನ್, ಸೋಮಾಪ್ಯಾಸಿಟಾನ್ ಮತ್ತು ಸೋಮಾಟ್ರೊಗಾನ್ ಹೆಸರಿನ ಇಂಥ ಔಷಧಗಳಿಗೆ 2020ರಿಂದ ಒಂದೊಂದಾಗಿ ಒಪ್ಪಿಗೆ ಸಿಕ್ಕಿದೆ. ಕೊರತೆಯಿರುವ ಮಕ್ಕಳ ಅಧ್ಯಯನಗಳಲ್ಲಿ ಬೆಳವಣಿಗೆ ದಿನದ ಚುಚ್ಚುಮದ್ದಿಗಿಂತ ಕಡಿಮೆಯಾಗಿಲ್ಲ. ಪ್ರತಿ ರಾತ್ರಿಯ ಜಗಳದಿಂದ ಡೋಸ್ ತಪ್ಪಿಹೋಗುತ್ತಿರುವ ಮನೆಗಳಿಗೆ ಇದು ದೊಡ್ಡ ನೆರವು. ದಿನದ ಚುಚ್ಚುಮದ್ದಿನ ಹಿಂದೆ ಮೂರೂವರೆ ದಶಕಕ್ಕೂ ಹೆಚ್ಚಿನ ಅನುಭವವಿದೆ, ವಾರದ್ದಕ್ಕೆ ಇನ್ನೂ ಅಷ್ಟಿಲ್ಲ. ಹೀಗಾಗಿ ದಿನದ್ದು ಸಲೀಸಾಗಿ ನಡೆಯುತ್ತಿದ್ದರೆ ಬದಲಾಯಿಸಲು ಅವಸರ ಬೇಡ ಎನ್ನುತ್ತೇನೆ.

ಬದಲಾದವರು ರಕ್ತ ಪರೀಕ್ಷೆಯ ವಿಷಯದಲ್ಲಿ ಎಚ್ಚರವಾಗಿರಬೇಕು. ವಾರದ ಔಷಧದಲ್ಲಿ ಐಜಿಎಫ್-1 ಚುಚ್ಚಿದ ಎರಡು ಮೂರು ದಿನಕ್ಕೆ ಉತ್ತುಂಗಕ್ಕೇರಿ, ವಾರದ ಕೊನೆಗೆ ಇಳಿದಿರುತ್ತದೆ. ಎರಡನೆಯ ದಿನ ತೆಗೆದ ರಕ್ತದಲ್ಲಿ ಪ್ರಮಾಣ ಹೆಚ್ಚಾದಂತೆ ಕಾಣುತ್ತದೆ, ಏಳನೆಯ ದಿನದ್ದರಲ್ಲಿ ಕಡಿಮೆಯಾದಂತೆ. ಔಷಧ ಮಾತ್ರ ಒಂದೇ. ಆದ್ದರಿಂದ ಪರೀಕ್ಷೆಗೆ ಹೋಗುವಾಗ ಕೊನೆಯ ಚುಚ್ಚುಮದ್ದಿನ ದಿನ ಮತ್ತು ಸಮಯವನ್ನು ಪ್ರಯೋಗಾಲಯದ ಚೀಟಿಯ ಮೇಲೆಯೇ ಬರೆಸಿ, ಮತ್ತು ಪ್ರತಿಬಾರಿಯೂ ವಾರದ ಅದೇ ದಿನಕ್ಕೆ ರಕ್ತ ಕೊಡಿ.